ಕಾಲು ಸುತ್ತು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ.
ಎಂಬತ್ತೈದರ ಚಳಿಗಾಲ, ಸ್ಮೆದೆರೆವೊ ಊರು.
ಡ್ಯಾನ್ಯೂಬಿನ ಮಂಜುಗಡ್ಡೆಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತ
ಕೋಟೆಯ ಬುಡಕ್ಕೆ ಬಂದು ತಂಗುತ್ತಿದ್ದವು.
ನನಗೆ ಹನ್ನೆರಡು. ಅಣ್ಣ ತಿಹೊಮಿರನಿಗೆ ಹತ್ತೊಂಬತ್ತು.
ನಮ್ಮಲ್ಲಿ ಆ ಹೆಸರಿಗೆ ಸದ್ದಿಲ್ಲದವ ಎಂದರ್ಥ;
ಅವನು ಗಿಟಾರಿನ ತಂತಿ ಮೀಟಿದರೆ
ಕೆಳಗಿನ ಮನೆಯ ಸ್ತಾನಿಯಾ ಅಜ್ಜಿಯ ಕಪಾಟಿನಲ್ಲಿ
ಕಾಫಿ ಬಟ್ಟಲುಗಳು ನಡುಗುತ್ತಿದ್ದವು.

ಕಂಪ್ಯೂಟರು ಬಂದದ್ದು ಅತ್ತೆ ರುಝಿತ್ಸಾಳ ಹೊಟ್ಟೆಯ ಮೇಲೆ,
ಕೋಟಿನೊಳಗೆ, ತ್ರಿಯೆಸ್ತೆಯಿಂದ, ರೈಲಿನಲ್ಲಿ.
ಗಡಿಯ ಸುಂಕದವನು ‘ಎಷ್ಟು ತಿಂಗಳು?’ ಎಂದು ಕೇಳಿ
ಕೂರಲು ಜಾಗ ಬಿಡಿಸಿಕೊಟ್ಟನಂತೆ.
ನಲವತ್ತೆಂಟು ಕೆ ನೆನಪು. ರಬ್ಬರ್ ಗುಂಡಿಗಳು,
ಒತ್ತಿದರೆ ನಾಯಿಮರಿಯ ಮೂಗು ಮುಟ್ಟಿದಂತೆ.

ಆಟ ಕೊಳ್ಳಲು ಅಂಗಡಿ ಎಲ್ಲಿತ್ತು?
ಶನಿವಾರ ರಾತ್ರಿ ರೇಡಿಯೋದಲ್ಲಿ ಬರುತ್ತಿತ್ತು.
ಹೌದು, ಗಾಳಿಯಲ್ಲಿ.
‘ಕ್ಯಾಸೆಟ್ ಸಿದ್ಧವೇ?’ ಎನ್ನುವನು ನಿರೂಪಕ,
ಆಮೇಲೆ ನಾಲ್ಕು ನಿಮಿಷ ಕಿರುಚಾಟ,
ತಗಡನ್ನು ಹಲ್ಲಿನಿಂದ ಹರಿದ ಹಾಗೆ.
ಅಮ್ಮ ಹಿಟ್ಟಿನ ಕೈಯಲ್ಲೇ ಬಂದು
‘ಇದೂ ನಿನ್ನಣ್ಣನ ಸಂಗೀತವೇ?’ ಅಂದಳು.

ಆ ರಾತ್ರಿ ಖಾಲಿ ಕ್ಯಾಸೆಟ್ ಇರಲಿಲ್ಲ.
ಕೈಗೆ ಸಿಕ್ಕಿದ್ದು ಹೆಸರು ಬರೆಯದ ಒಂದು.
ಅದರಲ್ಲಿ ಅಣ್ಣನ ಬ್ಯಾಂಡು ಇತ್ತು,
ಅಗ್ನಿಶಾಮಕರ ಸಭಾಂಗಣದಲ್ಲಿ ನುಡಿಸಿದ ಒಂದೇ ಸಂಜೆ.
ಅದರಲ್ಲೂ ಒಂದೇ ಹಾಡು, ಐದು ನಿಮಿಷ ಚಿಲ್ಲರೆ;
ಉಳಿದದ್ದಕ್ಕೆ ಬ್ಯಾಟರಿ ಸಾಲಲಿಲ್ಲ.
ಮರುವಾರ ಡ್ರಮ್ಮಿನವನು ಸೈನ್ಯಕ್ಕೆ ಹೋದ,
ಬ್ಯಾಂಡು ಅಲ್ಲಿಗೆ ಮುಗಿಯಿತು.
ನಾನು ಅವರ ಮೇಲೆ
ಛಾವಣಿಯಿಂದ ಛಾವಣಿಗೆ ಜಿಗಿಯುವ,
ಹೊಗೆಗೂಡು ಗುಡಿಸುವ ಹಸಿರು ಮನುಷ್ಯನನ್ನು ಕೂರಿಸಿದ್ದೆ.

ಅಣ್ಣ ಬೈಯಲಿಲ್ಲ.
ಹನ್ನೊಂದು ದಿನ ಹೆಸರಿಗೆ ತಕ್ಕಂತೆ ಬದುಕಿದ.
ಹನ್ನೆರಡನೇ ದಿನ ನನ್ನ ಬೆನ್ನ ಹಿಂದೆ ನಿಂತು
‘ನಾಲ್ಕನೇ ಛಾವಣಿಗೆ ಹಾಗಲ್ಲ, ಓಡಿ ಬಂದು ಜಿಗಿ’ ಅಂದ.

ಮೊನ್ನೆ ಅಟ್ಟದಿಂದ ಎಲ್ಲ ಇಳಿಸಿದೆವು.
ಎರಡು ಗುಂಡಿ ಸತ್ತಿವೆ, ಉಳಿದವು ಅಂಟಂಟು.
ನನಗೆ ಐವತ್ತೆರಡು, ಮೊಣಕಾಲಿಗೆ ಇನ್ನೂ ಹೆಚ್ಚು.
ಕ್ಯಾಸೆಟ್ ಹಾಕಿದೆ. ಪರದೆಯ ಅಂಚಿನಲ್ಲಿ
ಕೆಂಪು, ತಿಳಿನೀಲಿ ಪಟ್ಟೆ; ಆಮೇಲೆ ಹಳದಿ, ಕಡುನೀಲಿ;
ಆಮೇಲೆ ಏನೂ ಇಲ್ಲ.
ಮೂರು ಸಲ.

‘ಸರಿ ಅತ್ತ’ ಅಂದ ತಿಹೊಮಿರ್.
ಉಕ್ಕಿನ ಗಿರಣಿ ಅವನ ಎಡಗಿವಿಯನ್ನು ಇಟ್ಟುಕೊಂಡಿದೆ,
ಪಿಂಚಣಿಯಲ್ಲಿ ಅದರ ಲೆಕ್ಕವಿಲ್ಲ.
ತಂತಿ ಕಿತ್ತು, ಬಲಗಿವಿಯನ್ನು ಸ್ಪೀಕರಿಗೆ ಹಚ್ಚಿ,
ಕನ್ನಡಕ ರಿಪೇರಿಯ ಪುಟ್ಟ ಸ್ಕ್ರೂಡ್ರೈವರಿನಿಂದ
ಟೇಪಿನ ಹೆಡ್ಡನ್ನು ಒಂದಿಷ್ಟು ಬಿಗಿಸಿದ,
ಒಂದಿಷ್ಟು ಸಡಿಲಿಸಿದ, ಶ್ರುತಿ ಹಿಡಿಯುವವನ ಹಾಗೆ
ಕಣ್ಣು ಮುಚ್ಚಿ, ನಾಲಿಗೆಯ ತುದಿ ಹೊರಗೆ.
ಕಾಲು ಸುತ್ತು.
ಕಿರುಚಾಟದ ಅಂಚು ಚೂಪಾಯಿತು.

ತಂತಿ ಮತ್ತೆ ಚುಚ್ಚಿದೆವು. ಬಂದ,
ಹಸಿರು ಮನುಷ್ಯ, ಪೊರಕೆ ಹಿಡಿದು,
ನಲವತ್ತು ವರ್ಷಕ್ಕೆ ಒಂದು ಕೂದಲೂ ನರೆಯದೆ.

ಖುಷಿಯಲ್ಲಿ ತಂತಿ ಕಿತ್ತೆ, ಟೇಪು ನಿಲ್ಲಿಸಲಿಲ್ಲ.
ಟಕ್.
ನನ್ನ ಹನ್ನೆರಡು ವರ್ಷದ ಬೆರಳು ಗುಂಡಿ ಬಿಟ್ಟ ಸದ್ದು.
ಆಮೇಲೆ ಗಿಟಾರು.

ಮೂವತ್ತೇಳು ಸೆಕೆಂಡು. ಎದೆಗೂಡಿಗೆ ಗುದ್ದುವ ಡ್ರಮ್ಮು,
ಯಾರೋ ಬಾಟಲಿ ಬೀಳಿಸಿದ್ದು, ಒಂದು ಶಿಳ್ಳೆ.
ಕೊನೆಗೆ, ಅಂದು ಬ್ಯಾಟರಿ ಸಾಯುತ್ತಿದ್ದುದರಿಂದ,
ಇಂದು ಹಾಡು ಓಡತೊಡಗಿತು, ಸ್ವರ ಏರಿ, ಏರಿ,
ಆ ಕುಲುಮೆಯಂಥ ಗದ್ದಲವೆಲ್ಲ
ಒಂದು ಇಲಿಯ ಬಾಯಿಗೆ ಹೊಕ್ಕು ಅಡಗಿತು.

ಅಣ್ಣ ಬಹಳ ಹೊತ್ತು ಕ್ಯಾಸೆಟ್ಟನ್ನೇ ನೋಡಿದ.
‘ನಾವು ಇಷ್ಟು ಕೆಟ್ಟದಾಗಿ ನುಡಿಸುತ್ತಿದ್ದೆವಾ?’
‘ಹೌದು.’
‘ಇನ್ನೊಮ್ಮೆ ಹಾಕು.’

ಏಳು ಸಲ ಹಾಕಿದೆ.
ಆಮೇಲೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ಅವನೇ ಕೂತ,
ನಾಲ್ಕನೇ ಛಾವಣಿಯಲ್ಲಿ ಬಿದ್ದ, ಮತ್ತೆ ಬಿದ್ದ,
ಗುಂಡಿಗಳನ್ನು ಬೈದ, ಯಂತ್ರವನ್ನು ಬೈದ, ಮತ್ತೆ ಬಿದ್ದ.
ಬಲಗಿವಿಯ ಕಡೆಗೆ ಹೋಗಿ ನಿಂತು
ನಾನೇ ಹೇಳಬೇಕಾಯಿತು:
ಓಡಿ ಬಂದು ಜಿಗಿ.